ಹರಿಯದ ಅಂಗಿ

ಶಹಾಪುರದ ಹತ್ತಿ ಮಿಲ್ಲಿನಲ್ಲಿ ನಾವು ಹೆಂಗಸರೆಲ್ಲ ಸೀರೆಯ ಮೇಲೆ ಗಂಡಂದಿರ ಅಂಗಿ ತೊಡುತ್ತೇವೆ, ಸೆರಗು ಹಾರಿ ಯಂತ್ರಕ್ಕೆ ಸಿಗಬಾರದೆಂದು. ನನ್ನದು ಗಂಡ ಹೊಲಕ್ಕೆ ಹಾಕಿ ಹಾಕಿ ಸವೆದು ಪಿಸಿದುಹೋದ ಅಂಗಿ. ಪಕ್ಕದ ಯಂತ್ರದಲ್ಲಿ ನಿಲ್ಲುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತೊಡುವುದು ಕಡೇಚೂರಿನ ಕಾರ್ಖಾನೆಯಲ್ಲಿ ಅವಳ ಗಂಡನಿಗೆ ಕೊಟ್ಟ ನೀಲಿ ಅಂಗಿ. ದಪ್ಪ ಬಟ್ಟೆ, ಒಂದು ಗುಂಡಿಯೂ ಕಿತ್ತಿಲ್ಲ. ನಮ್ಮೂರು ಗೋಗಿಯಿಂದ ಒಂದೇ ಆಟೋದಲ್ಲಿ ಬರುವಾಗ ಅವಳು ಅದನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರೆ ಸಾಕು, ನನ್ನ ಹೊಟ್ಟೆ ಉರಿಯುತ್ತಿತ್ತು.

ಅಂಗಿ ಹಾಳಾಗಿ ಹೋಗಲಿ, ಅವಳ ಯಂತ್ರವನ್ನು ತಿರುಗಿಸುವ ಪಟ್ಟಾಕ್ಕೆ, ಕೈ ಬಟ್ಟೆ ಸಿಗದಂತೆ, ಕಬ್ಬಿಣದ ಜಾಲರಿಯೂ ಇತ್ತು. ನನ್ನ ಯಂತ್ರ ಹಳೆಯದು, ಮೇಲಿಂದ ಮೇಲೆ ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲ ಜಾಲರಿ ಬಿಚ್ಚಿ ಹಾಕುತ್ತ ಕೂತರೆ ಕೆಲಸ ನಿಲ್ಲುತ್ತದೆಂದು ನಮ್ಮನ್ನು ದುಡಿಸುವ ಮುಕಾದಮ ನನ್ನದನ್ನು ತೆಗೆಸಿ ಗುಜರಿಗೆ ಹಾಕಿಸಿದ್ದ. ತಿರುಗುವ ಪಟ್ಟಾದ ಪಕ್ಕ ನಾನು ಮೈ ಹಿಡಿ ಮಾಡಿಕೊಂಡು ನಿಂತರೆ, ಇವಳು ಆರಾಮಾಗಿ ಎಲೆ ಅಡಿಕೆ ಜಗಿಯುತ್ತಿದ್ದಳು. ಎಲ್ಲ ಸುಖವೂ ಇವಳ ಹಣೆಯಲ್ಲೇ ಬರೆದಿದೆಯೇ ಎಂದು ಸಿಟ್ಟು ಬರುತ್ತಿತ್ತು.

ಹತ್ತಿ ಜೋರಾಗಿ ಬರುತ್ತಿದ್ದಾಗ, ಹೊತ್ತು ಮೀರಿ ದುಡಿಸಿದ ಒಂದು ಸಂಜೆ, ಕಣ್ಣು ಎಳೆಯುತ್ತಿತ್ತು. ಪಟ್ಟಾ ನನ್ನ ಅಂಗಿಯ ತೋಳನ್ನು ಎಳೆದುಕೊಂಡಿತು. ಪಿಸಿದ ಬಟ್ಟೆ ಭುಜದಿಂದಲೇ ಪರ್ರನೆ ಹರಿದುಹೋಯಿತು. ಹಾಗಾಗಿ ಕೈ ಉಳಿಯಿತು.

ಮರುದಿನ ನನ್ನ ಯಂತ್ರಕ್ಕೆ ಜಾಲರಿ ಬಂತು. ನೆಗೆಣ್ಣಿಯದನ್ನೇ ಬಿಚ್ಚಿ ತಂದಿದ್ದರು. ಅವಳಿಗೂ ಒಂದು ತರಿಸಿ ಎಂದರೆ, ಸೀಜನ್ ಮುಗಿಯಲಿ ಎಂದ ಮುಕಾದಮ. ಅವಳದು ನನಗೆ ಸಿಕ್ಕಿತೆಂದು ಒಂದು ಗಳಿಗೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಬರೀ ಪಟ್ಟಾದ ಮುಂದೆ ಆ ನೀಲಿ ಅಂಗಿಯಲ್ಲಿ ನಿಂತವಳನ್ನು ನೋಡಿದೆ. ಆ ಬಟ್ಟೆ ಹರಿಯುವಂಥದ್ದಲ್ಲ.

ಮಾರನೆಯ ಬೆಳಿಗ್ಗೆ ಗಂಡನ ಇನ್ನೊಂದು ಹಳೇ ಅಂಗಿ ಒಯ್ದು ಕೊಟ್ಟೆ. "ಇದನ್ನ ಹಾಕ್ಕೋ. ಪಟ್ಟಾ ಹಿಡಿದ್ರ ಹರೀತೈತಿ. ಆ ಗಟ್ಟಿ ಅಂಗಿ ನನಗ ಕೊಡು, ನನ್ನ ಕಡೆ ಜಾಲರಿ ಐತಿ."

ಅವಳು ನಕ್ಕಳು. "ಜಾಲರಿ ತಗೊಂಡಿ, ಈಗ ಅಂಗೀನೂ ಬೇಕೇನಕ್ಕಾ? ಅದರ ಮ್ಯಾಲ ನಿನ್ನ ಕಣ್ಣು ಯಾವತ್ತಿನಿಂದ ಐತಿ ಅಂತ ನನಗ ಗೊತ್ತಿಲ್ಲೇನು?"

ಸುಮ್ಮನೆ ಕೊಟ್ಟು, ಅವಳ ಅಂಗಿ ಕೇಳದೆ ಇದ್ದಿದ್ದರೆ ಹಾಕಿಕೊಳ್ಳುತ್ತಿದ್ದಳೇನೋ. ಅಷ್ಟರಲ್ಲಿ ಯಂತ್ರ ಶುರುವಾಯಿತು. ಅವಳು ನೀಲಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು, ನನಗೆ ಕಾಣುವಂತೆ, ಗುಂಡಿಯನ್ನು ಭದ್ರವಾಗಿ ಹಾಕಿಕೊಂಡಳು.