ಹಪ್ಪಳದ ಜೊತೆ ಒಣಗಿದ ಪ್ಲೇಟು

ಹಾಡುವವರ ವಿಚಾರದಲ್ಲಿ ನನ್ನ ರುಚಿ ಸ್ವಲ್ಪ ಒರಟು. ಜೇನಿನಂಥ ಕಂಠ ಎಂದು ಯಾರಾದರೂ ಹೊಗಳಿದರೆ ನನಗೆ ಅಲ್ಲೇ ಆಕಳಿಕೆ ಬರುತ್ತದೆ. ದನಿ ಅರ್ಧ ಮೂಗಿನಿಂದ ಬರಬೇಕು, ಹಾಡುವಾಗ ಮುಖದಲ್ಲಿ ಯಾರ ಮೇಲೋ ಸಿಟ್ಟಿರಬೇಕು. ಇದು ಅಜ್ಜಿಯಿಂದ ಬಂದದ್ದು. ನಾನು ಮಾತು ಕಲಿತದ್ದೂ ಅವಳಿಂದಲೇ. ಅವಳ ಮಾತಿನಲ್ಲಿ ಅರ್ಧ ಹಾಡು, ಇನ್ನರ್ಧ ಬೈಗುಳ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ದಿನಗಳವು. ಹಾಸನದ ಕಡೆಯಿಂದ ತಾತ ಬಂದು ನೆಲೆಸಿದ ನಮ್ಮ ಮನೆ ಕುಶಾಲನಗರದ ಹತ್ತಿರವಿತ್ತು. ಸುತ್ತಮುತ್ತ ಯಾರ ಮದುವೆಯಾದರೂ ಹಸೆಯ ಮುಂದೆ ಸೋಬಾನೆ ಹಾಡುತ್ತಿದ್ದವಳು ಅಜ್ಜಿ. ಅವಳು ಒಂದು ಸಾಲು ಹೇಳಿದರೆ ಹಿಂದಿನ ಹೆಂಗಸರು ಅದೇ ಸಾಲನ್ನು ಎತ್ತಿ ಹಿಡಿಯಬೇಕು. ಹಿಡಿಯದಿದ್ದರೆ ಹಾಡಿದವಳಿಗೆ ಅವಮಾನ. ಒಂದು ಮದುವೆಯಲ್ಲಿ ಅದೇ ಆಯಿತು. ಅಜ್ಜಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಗಂಡಿನ ಕಡೆಯವರು ಗ್ರಾಮಫೋನಿಗೆ ಕೀ ಕೊಟ್ಟು ಸಿನಿಮಾ ಪ್ಲೇಟು ಹಾಕಿದರು. ಹೆಂಗಸರೆಲ್ಲ ಅವಳನ್ನು ಬಿಟ್ಟು ಪೆಟ್ಟಿಗೆ ನೋಡಲು ಓಡಿದರು. ಅಂದಿನಿಂದ ಅಜ್ಜಿ ಹಾಡು ನಿಲ್ಲಿಸಿದಳು.

ಅಷ್ಟರಲ್ಲಿ ನನ್ನ ತಂಗಿಗೆ ಸೋಮವಾರಪೇಟೆ ಕಡೆಯ ಗಂಡು ಗೊತ್ತಾಯಿತು. ಮಾಘದಲ್ಲಿ ಮದುವೆ. ಗಂಡಿನ ಸೋದರಮಾವ ತನ್ನ ಗ್ರಾಮಫೋನು ತರುವುದಾಗಿ ಹೇಳಿ ಕಳಿಸಿದ.

"ಅಜ್ಜಿ ಹಾಡ್ದೇ ಇದ್ರೆ ನಾನು ಹಸೆ ಮೇಲೆ ಕೂರಾಕಿಲ್ಲ," ಎಂದು ತಂಗಿ ಅತ್ತಳು.

"ಕೂರಬ್ಯಾಡ, ನಿಂತ್ಕೊ," ಎಂದಳು ಅಜ್ಜಿ.

ಅಜ್ಜಿಯನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು.

ನಾನಾಗ ಗಾಳಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಗುಮಾಸ್ತ. ಅಲ್ಲಿನ ದೊರೆಸಾನಿಯ ತವರು ಅಮೆರಿಕದಲ್ಲಿ ಅಪಲೇಚಿಯ ಎಂಬ ಬೆಟ್ಟಸೀಮೆ. ಅವರ ಬಂಗಲೆಯ ಗ್ರಾಮಫೋನಿನಿಂದ ಕೆಲವೊಮ್ಮೆ ಒಬ್ಬ ಮುದುಕಿಯ ಹಾಡು ಕೇಳಿಬರುತ್ತಿತ್ತು. ವಾದ್ಯವಿಲ್ಲ, ಮೇಳವಿಲ್ಲ, ಮೂಗಿನಲ್ಲಿ ನೇರವಾಗಿ, ಸಿಟ್ಟಿನಿಂದ. ಹಣ್ಣು ಕೊಯ್ದ ಪಿಕಿಂಗ್ ಲೆಕ್ಕ ಒಪ್ಪಿಸಲು ಹೋದ ನಾನು ಜಗಲಿಯಲ್ಲೇ ನಿಂತುಬಿಡುತ್ತಿದ್ದೆ. ಮಳೆಗಾಲ ಮುಗಿದು ದೊರೆಗಳು ಸ್ವದೇಶಕ್ಕೆ ಹೊರಟಾಗ ದೊರೆಸಾನಿ ನನ್ನನ್ನು ಕರೆದು, "ರೈಟರ್, ಇದು ನಮ್ ಬೆಟ್ಟ ಹಾಡು. ನೀನು ಕೇಳು," ಎಂದು ಗ್ರಾಮಫೋನನ್ನೂ ಐದು ಪ್ಲೇಟುಗಳನ್ನೂ ಕೈಗಿಟ್ಟರು. ಪ್ಲೇಟಿನ ನಡುವಿನ ಚೀಟಿಗಳನ್ನು ಗಾಳಿಬೀಡಿನ ಮಳೆ ತಿಂದುಹಾಕಿತ್ತು. ಹಾಡಿದವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ರಜೆ ಹಾಕಿ ಪೆಟ್ಟಿಗೆ ಹೊತ್ತು ಮನೆಗೆ ಬಂದೆ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಪೆಟ್ಟಿಗೆ ಕಂಡದ್ದೇ ಬೆನ್ನು ತಿರುಗಿಸಿ ಕೂತಳು. ಮೊದಲು ಪಿಟೀಲಿನ ಪ್ಲೇಟು ಹಾಕಿದೆ.

"ಯಾರ ಮನೆ ಬಾಗಿಲಿಗ್ಲಾ ಎಣ್ಣೆ ಬಿಟ್ಟಿಲ್ಲ?" ಎಂದಳು.

ಆಮೇಲೆ ಮುದುಕಿಯನ್ನು ಹಾಕಿದೆ. ಅವರೆಕಾಯಿ ಸುಲಿಯುವ ಕೈ ನಿಂತಿತು.

"ಯಾರ್ಲಾ ಇವಳು?"

"ಅಮೆರಿಕದ ಬೆಟ್ಟದ ಕಡೆಯೋರು ಅಜ್ಜಿ."

"ಮುಂದಿನ ಎರಡು ಹಲ್ಲಿಲ್ಲ, ಗಾಳಿ ಸೋರ್ತದೆ. ಆದ್ರೂ ಉಸಿರು ಎಲ್ಲಿ ತಗೋತಾಳೆ ಅಂತ ಗೊತ್ತಾಗಾಕಿಲ್ಲ ನೋಡು. ಒಳ್ಳೆ ಮನೆಯೋಳು." ಸ್ವಲ್ಪ ಹೊತ್ತು ಕೇಳಿ ಸಿಡಿದಳು. "ಅಲ್ಲಲಾ, ಹಿಂದೆ ಯಾರೂ ಎತ್ತಿ ಹಿಡೀತಾನೇ ಇಲ್ವಲ್ಲ! ಇಷ್ಟು ವಯಸ್ಸಾದೋಳ್ನ ಒಂಟಿಯಾಗಿ ಹಾಡಕ್ಕೆ ಬಿಟ್ಟವ್ರೆ. ಆ ಊರ ಹೆಂಗಸ್ರ ಬಾಯಿ ಬಿದ್ದೋಗಿತ್ತಾ? ಮುಳ್ಳು ಎತ್ತು!"

ಎತ್ತಿದೆ. ಅಜ್ಜಿ ಆ ಸಾಲನ್ನು ಅದೇ ರಾಗದಲ್ಲಿ, ತನಗೆ ತೋಚಿದ ಅಕ್ಷರಗಳಲ್ಲಿ ಹಾಡಿ, "ಹ್ಞೂ, ಈಗ ಬಿಡು," ಎಂದಳು. ಅಲ್ಲಿಂದ ದಿನವೂ ಇದೇ. ಮುದುಕಿ ಒಂದು ಸಾಲು, ನಾನು ಮುಳ್ಳೆತ್ತುವುದು, ಅಜ್ಜಿ ಒಂದು ಸಾಲು. ನನ್ನ ಅರೆಬರೆ ಇಂಗ್ಲಿಷಿಗೆ ತಿಳಿದ ಮಟ್ಟಿಗೆ ಆ ಹಾಡಿನಲ್ಲಿ ಒಬ್ಬಳು ತನ್ನ ತಂಗಿಯನ್ನು ಹೊಳೆಗೆ ತಳ್ಳುತ್ತಿದ್ದಳು. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

"ಮದ್ವೇಲಿ ಹಾಡ್ತೀಯಾ ಅಜ್ಜಿ?"

"ಆಯಮ್ಮ ಬಂದ್ರೆ ಹಾಡ್ತೀನಿ. ಅವಳಾದ್ರೆ ನನ್ನ ಬಿಟ್ಟು ಓಡೋಳಲ್ಲ."

ಗೆದ್ದೆ ಎಂದುಕೊಂಡೆ. ಮದುವೆಗೆ ಹತ್ತು ದಿನವಿದ್ದಾಗ ಅಂಗಳಕ್ಕೆ ಬಂದು ನೋಡುತ್ತೇನೆ, ಚಾಪೆಯ ಮೇಲೆ ಹಪ್ಪಳ, ಸಂಡಿಗೆ, ಅವುಗಳ ಸಾಲಿನಲ್ಲೇ ಮುದುಕಿಯ ಪ್ಲೇಟು. ಅದಕ್ಕೆ ಬೂಸ್ಟು ಹಿಡಿದಿತ್ತೆಂದು ಅಜ್ಜಿ ಬೆಳಿಗ್ಗೆಯೇ ಒಣಹಾಕಿದ್ದಳಂತೆ. ನಮ್ಮ ಕಡೆ ಬೂಸ್ಟು ಹಿಡಿದದ್ದಕ್ಕೆಲ್ಲ ಮದ್ದು ಒಂದೇ, ಬಿಸಿಲು. ಮಧ್ಯಾಹ್ನ ನಾನು ನೋಡುವಷ್ಟರಲ್ಲಿ ಹಪ್ಪಳಕ್ಕಿಂತ ಹೆಚ್ಚಾಗಿ ಪ್ಲೇಟೇ ಸೊಟ್ಟಗಾಗಿತ್ತು.

ಮಾರನೇ ದಿನವೇ ಬಸ್ಸು ಹತ್ತಿ ಮೈಸೂರಿಗೆ ಹೋದೆ. ಪ್ಲೇಟಿನ ಅಂಗಡಿಯವನು ಹಾಡಿನ ಹೆಸರು ಕೇಳಿದ, ಗೊತ್ತಿಲ್ಲ. ಹಾಡಿದವರ ಹೆಸರು ಕೇಳಿದ, ಗೊತ್ತಿಲ್ಲ. ಬೇರೆ ದಾರಿ ಕಾಣದೆ ಮೂಗಿನಲ್ಲೇ ಎರಡು ಸಾಲು ಹಾಡಿ ತೋರಿಸಿದೆ. ಅವನು ಬಹಳ ಮರ್ಯಾದೆಯಿಂದ, "ಸ್ವಾಮಿ, ಎದುರಿಗೇ ಡಾಕ್ಟ್ರಿದ್ದಾರೆ," ಎಂದ.

ಬರಿಗೈಯಲ್ಲಿ ಬಂದವನು ಧೈರ್ಯ ಮಾಡಿ ಸೊಟ್ಟ ಪ್ಲೇಟನ್ನೇ ಹಾಕಿದೆ. ಮುಳ್ಳು ಏರಿ ಇಳಿಯಿತು, ಮುದುಕಿಯ ದನಿ ತೊಟ್ಟಿಲಿನಂತೆ ತೂಗಾಡಿತು. ಅಜ್ಜಿ ಕಣ್ಣರಳಿಸಿದಳು. "ನೋಡ್ದಾ? ಬಿಸಿಲು ಕಂಡ ಮ್ಯಾಲೆ ಗಂಟಲು ಸಡಿಲ ಆಗದೆ!"

ಮದುವೆಯ ದಿನ ತಂಗಿಯನ್ನು ಹಸೆಗೆ ಕರೆದರೆ ಅವಳು ನಿಂತೇ ಇದ್ದಳು. ಗಂಡಿನ ಸೋದರಮಾವ ತನ್ನ ದೊಡ್ಡ ಹಿತ್ತಾಳೆ ಕೊಂಬಿನ ಗ್ರಾಮಫೋನಿಗೆ ಆಗಲೇ ಕೀ ಕೊಡುತ್ತಿದ್ದ. ಅಜ್ಜಿ ಪ್ಲೇಟು ಎದೆಗವಚಿಕೊಂಡು ಅವನ ಮುಂದೆ ಹೋದಳು.

"ಬೀಗ್ರೇ, ನಿಮ್ಮ ಕೊಂಬು ದೊಡ್ಡದದೆ. ನಮ್ಮ ಆಯಮ್ಮನ್ನ ಕೂರಿಸ್ರಪ್ಪ."

"ಅಜ್ಜಮ್ಮ, ಇದು ಪ್ಲೇಟೋ ಬಾಣಲೆಯೋ?"

"ನಿಮ್ಮ ಪೆಟ್ಟಿಗೆಗೆ ಆಗಾಕಿಲ್ಲ ಅಂದ್ರೆ ಹೇಳ್ಬಿಡಿ, ನಮ್ಮ ಹುಡುಗನ ಸಣ್ಣ ಪೆಟ್ಟಿಗೇಲಿ ಆಯ್ತದೆ."

ಪೆಟ್ಟಿಗೆಯ ಮಾನದ ಪ್ರಶ್ನೆ ಬಂದಮೇಲೆ ಅವನು ಹಾಕಲೇಬೇಕಾಯಿತು. ಮುದುಕಿ ಎರಡು ಸಾಲು ಹಾಡಿದಳು. ಮೂರನೆಯದಕ್ಕೆ ಮುಳ್ಳು ಸಿಕ್ಕಿಕೊಂಡಿತು. ಅದೇ ಸಾಲು, ಮತ್ತೆ ಅದೇ ಸಾಲು. ಸೋದರಮಾವ ಗಾಬರಿಯಿಂದ ಕೈ ಹಾಕಲು ಬಂದ.

"ಮುಟ್ಟಬ್ಯಾಡಿ!" ಅಜ್ಜಿ ಗದರಿದಳು. "ಎತ್ತಿ ಹಿಡೀರಿ ಅಂತ ಅವ್ಳೇ ಕೇಳ್ತಾವ್ಳೆ. ಏನ್ರೇ ನೋಡ್ತಾ ನಿಂತಿದ್ದೀರಿ?"

ಅಜ್ಜಿ ಎತ್ತಿದಳು. ಅವಳ ಹಿಂದೆ ಹೆಣ್ಣಿನ ಕಡೆಯ ಹೆಂಗಸರು, ಆಮೇಲೆ ಗಂಡಿನ ಕಡೆಯವರೂ. ತಂಗಿಯನ್ನು ಹೊಳೆಗೆ ತಳ್ಳುವ ಸಾಲನ್ನು ಇಪ್ಪತ್ತು ಹೆಂಗಸರು ಕೊನೆಗೊಂದು ಸೋಬಾನೆ ಸೇರಿಸಿ ಹಾಡುತ್ತಿರುವಾಗ ನನ್ನ ತಂಗಿ ನಗುನಗುತ್ತಾ ಹಸೆಯ ಮೇಲೆ ಕೂತಳು. ಕೀ ಇಳಿದು ಪೆಟ್ಟಿಗೆ ಸುಸ್ತಾಗಿ ನಿಂತಿತು. ಅಜ್ಜಿ ನಿಲ್ಲಲಿಲ್ಲ, ಅಲ್ಲಿಂದ ತನ್ನ ಸೋಬಾನೆಗೆ ಹೊರಳಿ ಊಟದ ಎಲೆ ಹಾಕುವವರೆಗೂ ಹಾಡಿದಳು.

ಹಾಡಿದವರಿಗೆಲ್ಲ ಎಲೆ, ಅಡಿಕೆ, ತೆಂಗಿನಕಾಯಿ ಕೊಡುವುದು ನಮ್ಮಲ್ಲಿ ಪದ್ಧತಿ. ಅಜ್ಜಿ ಎರಡು ಪಾಲು ಕೇಳಿ ಇಸಕೊಂಡು, ಒಂದನ್ನು ಪ್ಲೇಟಿನ ಪಕ್ಕದಲ್ಲಿಟ್ಟು ಕುಂಕುಮದ ಬಟ್ಟಲು ಹುಡುಕಿದಳು. ಪ್ಲೇಟಿಗೆ ಕುಂಕುಮ ಹಚ್ಚದಂತೆ ತಡೆಯುವಷ್ಟರಲ್ಲಿ ನನಗೆ ಸಾಕಾಗಿಹೋಯಿತು.

ಅಮೆರಿಕದ ಆಯಮ್ಮನ ಪಾಲಿನ ತೆಂಗಿನಕಾಯಿ ಮೂರು ದಿನ ಗ್ರಾಮಫೋನಿನ ಮೇಲೆ ಕಾದು ಕೂತಿತ್ತು. ನಾಲ್ಕನೇ ದಿನ ಅಜ್ಜಿಯೇ ಅದನ್ನು ಒಡೆದು ಚಟ್ನಿ ಅರೆದಳು. "ಹಲ್ಲಿಲ್ದೋಳು, ಕಾಯಿ ತಗೊಂಡು ಏನ್ಮಾಡ್ತಾಳೆ?" ಎಂದಳು.