ಅವ್ವನ ನಿಜವಾದ ವಯಸ್ಸು

ಹೋದ ವರ್ಷ ಆಷಾಢದ ಎರಡನೇ ಶುಕ್ರವಾರ ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ನಾವಿರುವುದು ಮೈಸೂರಿನ ಕೆಸರೆಯಲ್ಲಿ. ಮನೆಯಲ್ಲೇ ಕೂತು ಊದುಬತ್ತಿ ಹೊಸೆದು ನನ್ನನ್ನೂ ತಮ್ಮ ಸಿದ್ದರಾಜುವನ್ನೂ ಸಾಕಿದವಳು ಅವ್ವ. ಅವತ್ತು ಬೆಳಿಗ್ಗೆಯೂ ಹೊಸೆಯುತ್ತಿದ್ದಳು. ತಲೆಗೆ ಪೆಟ್ಟು ಬಿದ್ದದ್ದೇ ಬಿದ್ದದ್ದು, ಮತ್ತೆ ಕಣ್ಣು ಬಿಡಲಿಲ್ಲ.

ಮೂರನೇ ದಿನ ಆಸ್ಪತ್ರೆಯ ಡಾಕ್ಟರು ನಮ್ಮನ್ನು ಕರೆದು, ಎರಡು ಸಲ ಪರೀಕ್ಷೆ ಮಾಡಿದ್ದೇವೆ, ಮೆದುಳು ಸತ್ತಿದೆ, ಉಸಿರು ಆಡುತ್ತಿರುವುದು ಯಂತ್ರದಿಂದ ಅಷ್ಟೇ ಎಂದರು. ಆಮೇಲೆ ಅಂಗದಾನದ ಕೆಲಸ ನೋಡಿಕೊಳ್ಳುವ ಮೇಡಂ ಬಂದು, ಲಿವರ್ ಕೊಡಲು ಒಪ್ಪುತ್ತೀರಾ ಎಂದು ಕೇಳಿದರು. ಅವ್ವ ಹಿಂದೆಯೇ, "ಮಣ್ಗಾಕೋ ಬದ್ಲು ಯಾರ್ಗಾದ್ರೂ ಆಗ್ಲಿ, ಕೊಟ್ಬುಡಿ" ಎಂದಿದ್ದಳು. ಅಳುತ್ತಲೇ ಇಬ್ಬರೂ ಒಪ್ಪಿದೆವು.

ಮೇಡಂ ಅರ್ಜಿ ತುಂಬತೊಡಗಿದರು. ಅವ್ವನ ಆಧಾರ್ ಕಾರ್ಡು ನೋಡಿ ವಯಸ್ಸು ಅರವತ್ತೆಂಟು ಎಂದು ಬರೆದುಕೊಂಡರು. ಅದು ತಪ್ಪು. ಕಾರ್ಡು ಮಾಡುವವನು ಹುಟ್ಟಿದ ದಿನ ಕೇಳಿದ್ದಕ್ಕೆ ಅವ್ವ, "ನಂಗೇನ್ ಗೊತ್ತಪ್ಪ, ನೀನೇ ಬರ್ಕೊ" ಎಂದಿದ್ದಳು. ಆತ ಅವಳ ಮುಖ ನೋಡಿ ಯಾವುದೋ ವರ್ಷದ ಜನವರಿ ಒಂದು ಎಂದು ಹಾಕಿದ್ದ. ನಮ್ಮ ಬೀದಿಯ ಅರ್ಧ ಜನ ಹುಟ್ಟಿರುವುದು ಜನವರಿ ಒಂದರಂದೇ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಿದ್ದರಾಜು ಮೊಣಕೈಯಲ್ಲಿ ತಿವಿದ. "ಸುಮ್ನಿರಕ್ಕ. ನಿಜ ಏಳ್ಬುಟ್ರೆ ಮುದ್ಕಿದು ಬ್ಯಾಡ ಅಂದ್ಬುಡ್ತಾರೆ" ಎಂದು ಕಿವಿಯಲ್ಲಿ ಹೇಳಿದ.

ನನಗೇನು ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ. ಬಸ್ಸಿನಲ್ಲಿ ಮಗನ ವಯಸ್ಸನ್ನು ಎಷ್ಟೋ ಸಲ ಇಳಿಸಿದ್ದೇನೆ. ಆದರೆ ಇದು ಇನ್ನೊಬ್ಬರ ಹೊಟ್ಟೆಯೊಳಗೆ ಹೋಗುವಂಥದ್ದು.

"ಮೇಡಂ, ಕಾರ್ಡಲ್ಲಿರೋದು ತಪ್ಪು" ಎಂದೆ. "ನಂಗೇ ಈಗ ಐವತ್ತೇಳು. ಕಾರ್ಡು ನಂಬಿದ್ರೆ ನಮ್ಮವ್ವ ಹನ್ನೊಂದು ವರ್ಷಕ್ಕೇ ನನ್ನ ಹೆತ್ತಿರ್ಬೇಕು. ನನಗಿಂತ ಮುಂಚೆ ಒಂದು ಕೂಸು ಬೇರೆ ಹೋಗಿತ್ತು. ಏನಿಲ್ಲಾಂದ್ರೂ ಎಪ್ಪತ್ತೇಳು ಆಗಿದೆ."

ಮೇಡಂ ಪೆನ್ನು ಕೆಳಗಿಟ್ಟರು. "ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ವಯಸ್ಸಾದವರ ಲಿವರೂ ಚೆನ್ನಾಗಿದ್ರೆ ಹಾಕ್ತಾರೆ. ಆದ್ರೆ ಯಾರಿಗೆ ಹೊಂದುತ್ತೆ ಅಂತ ನೋಡೋಕೆ ಡಾಕ್ಟ್ರಿಗೆ ನಿಜವಾದ ವಯಸ್ಸು ಗೊತ್ತಿರಬೇಕು. ತಗೊಳ್ಳೋರಿಗೂ ಹೇಳಬೇಕು. ಅವರು ಬೇಡ ಅಂದ್ರೂ ಅನ್ನಬಹುದು."

ಹಾಗೇ ಆಯಿತು. ಮಧ್ಯಾಹ್ನ ಮೇಡಂ ಬಂದು, ತಾವು ಮೊದಲು ಕೇಳಿದ ರೋಗಿಯ ಕಡೆಯವರು ವಯಸ್ಸು ಜಾಸ್ತಿಯಾಯಿತು ಎಂದು ಒಪ್ಪಲಿಲ್ಲ ಎಂದರು. ಸಿದ್ದರಾಜು ನನ್ನ ಕಡೆ ತಿರುಗಿದ. "ನೋಡ್ದಾ, ನಿನ್ ಬಾಯಿಂದ ಅವ್ವನ ಆಸೆ ಹಾಳಾಯ್ತು."

ನಾನು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. "ಮೋಸ ಮಾಡಿ ಕೊಡೋದಾದ್ರೆ ಕೊಡೋದೇ ಬ್ಯಾಡ ಕಣೋ" ಎಂದೆ. ಮೇಡಂ ಕಡೆ ತಿರುಗಿ, "ಇನ್ನೊಬ್ಬರನ್ನ ಕೇಳಿ ಮೇಡಂ. ಅವರೂ ಬೇಡ ಅಂದ್ರೆ ಮತ್ತೊಬ್ಬರನ್ನ ಕೇಳಿ. ನಾವಿಲ್ಲೇ ಕೂತಿರ್ತೀವಿ" ಎಂದೆ. ನೆಂಟರೆಲ್ಲ ಹೆಣ ಯಾವಾಗ ಕೊಡುತ್ತಾರೆ ಎಂದು ಫೋನ್ ಮಾಡುತ್ತಲೇ ಇದ್ದರು. ನಾನು ಫೋನು ಆಫ್ ಮಾಡಿ ಸೆರಗಿನಲ್ಲಿ ಸುತ್ತಿಟ್ಟುಕೊಂಡೆ.

ಸಂಜೆ ಐದರ ಹೊತ್ತಿಗೆ ಮೇಡಂ ಬೇಗ ಬೇಗ ನಡೆದು ಬಂದರು. "ಒಬ್ಬರು ಒಪ್ಪಿದ್ರಮ್ಮ. ಎಪ್ಪತ್ತೇಳು ಅಂತ ಹೇಳೇ ಕೇಳಿದ್ವಿ. ಪರವಾಗಿಲ್ಲ, ಬೇಕು ಅಂದ್ರು." ಸಿದ್ದರಾಜು ಗೋಡೆಗೆ ಹಣೆ ಕೊಟ್ಟು ಬಿಕ್ಕಳಿಸಿದ. ಆಪರೇಷನ್ ಮಾಡಿದ ಡಾಕ್ಟರು, ಲಿವರ್ ಗಟ್ಟಿಮುಟ್ಟಾಗಿತ್ತು ಎಂದು ಆಮೇಲೆ ಹೇಳಿ ಕಳಿಸಿದರು.

ತಿಂಗಳ ನಂತರ ಮೇಡಂ ಫೋನ್ ಮಾಡಿ, ಲಿವರ್ ಪಡೆದವರು ಚೇತರಿಸಿಕೊಂಡು ಮನೆಗೆ ಹೋದರು ಎಂದರು. ಯಾರು, ಯಾವ ಊರು ಎಂದು ಹೇಳುವಂತಿಲ್ಲ, ನಾನೂ ಕೇಳಲಿಲ್ಲ. ನಮ್ಮವ್ವ ಎಷ್ಟು ಮುದುಕಿ ಎಂದು ಗೊತ್ತಿದ್ದೇ ಅವರು ಬೇಕು ಎಂದರಲ್ಲ, ಊದುಬತ್ತಿ ಹಚ್ಚುವಾಗೆಲ್ಲ ಅದನ್ನೇ ನೆನೆಯುತ್ತೇನೆ.