ಕವರು ನುಂಗಿದ ಸೊಲ್ಲು

ಅಕ್ಕ ಆತಗೂರಿನಿಂದ ಮದ್ದೂರಿಗೆ ಬಸ್ಸು ಹತ್ತಿ ಬಂದದ್ದು ತನ್ನ ದನಿ ಕೇಳಲು. ಗಂಟಲ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ. ಅದಕ್ಕೆ ಮುಂಚೆ ನಮ್ಮ ಕಡೆಯ ಮದುವೆಗಳಲ್ಲಿ ಸೋಬಾನೆ ಪದ ಅಂದರೆ ಅಕ್ಕನೇ. ಅವಳು ಒಂದು ಸೊಲ್ಲು ಹೇಳುವುದು, ಎಡಬಲಕ್ಕೆ ಕೂತ ಹೆಂಗಸರು ಅದನ್ನೇ ತಿರುಗಿ ಹೇಳುವುದು. ನನ್ನ ಮದುವೆಯಲ್ಲಿ ಅವಳು ಹಾಡಿದ್ದು ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಅಂಗಡಿಗೆ ಕೊಟ್ಟು ಅದನ್ನು ಲ್ಯಾಪ್‌ಟಾಪಿಗೆ ಹಾಕಿಸಿಕೊಂಡಿದ್ದೆ. ಲ್ಯಾಪ್‌ಟಾಪಿನ ಸ್ಪೀಕರು ಸತ್ತು ವರ್ಷವಾಗಿದ್ದರೂ, ‘ಸ್ಟೀರಿಯೋದಲ್ಲೇ ಕೇಳಿಸ್ತೀನಿ ಬಾರಕ್ಕ’ ಎಂದು ಜಂಬ ಕೊಚ್ಚಿದವನು ನಾನೇ.

ಕೆಲಸವೇನೋ ಸಣ್ಣದು. ವೈರಿನ ಒಂದು ತುದಿ ಸ್ಟೀರಿಯೋ ಹಿಂದಿನ ಕೆಂಪು, ಬಿಳಿ ತೂತುಗಳಿಗೆ; ಇನ್ನೊಂದು ತುದಿಯ ಪಿನ್ನು ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ. ಅಷ್ಟಕ್ಕೇ ನಾನು ರಬ್ಬರ್ ಚಪ್ಪಲಿ ಮೆಟ್ಟಿ, ಮೇನ್ ಸ್ವಿಚ್ ಆರಿಸಿ, ಫ್ರಿಜ್ಜಿನಲ್ಲಿದ್ದ ಹಾಲು ಏನಾದೀತೋ ಎಂದು ಕೊರಗಿ, ಮತ್ತೆ ಸ್ವಿಚ್ ಹಾಕುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

ಹಾಡು ಶುರುವಾಯಿತು. ಹೆಂಗಸರ ದನಿ ಸ್ಟೀರಿಯೋದ ಎರಡೂ ಸ್ಪೀಕರ್ ಪೆಟ್ಟಿಗೆಗಳಿಂದ ಬಂತು. ಆಮೇಲೆ ಖಾಲಿ. ಮತ್ತೆ ಹೆಂಗಸರು. ಮತ್ತೆ ಖಾಲಿ.

‘ಅವರೆಲ್ಲ ಅವ್ರೆ. ನಾನೆಲ್ಲಿ ಕಣ್ಲಾ?’ ಎಂದಳು ಅಕ್ಕ, ಬರೀ ಉಸಿರಲ್ಲಿ.

‘ತಡಿಯಕ್ಕ, ಹಳೇ ಟೇಪು...’ ಸವೆದುಹೋಗಿರಬೇಕು ಎನ್ನಲು ಬಾಯಿ ಬರಲಿಲ್ಲ.

‘ಡಾಕ್ಟ್ರು ಗಂಟ್ಲಿಂದ ತೆಗುದ್ರು. ನೀನು ಇದ್ರಿಂದ್ಲೂವೆ ತೆಗುದ್ಬುಟ್ಟಾ?’

ಕಾಫಿ ತಂದ ನನ್ನ ಹೆಂಡತಿ ಬಗ್ಗಿ ನೋಡಿದಳು. ‘ರೀ, ಪಿನ್ನು ಅರ್ಧ ಆಚೇಗೇ ಅದೆ.’

‘ಅದು ಅಷ್ಟೇ ಹೋಗೋದು.’

‘ನಿಮ್ಮ ಕವರು ಅಡ್ಡ ಬಂದದೆ. ಬಿಚ್ರೀ ಅದ.’

ಧೂಳು, ನೀರು, ಹಲ್ಲಿ, ಇವುಗಳ ಭಯಕ್ಕೆ ಸ್ಕೂಟರ್ ಸೀಟು ಹೊಲಿಯುವವನ ಹತ್ತಿರ ಲ್ಯಾಪ್‌ಟಾಪಿಗೊಂದು ದಪ್ಪ ರೆಕ್ಸಿನ್ ಕವರು ಹೊಲಿಸಿದ್ದೆ. ಪಿನ್ನಿಗೆಂದು ಅದರಲ್ಲಿ ತೂತು ಕೊರೆದವನೂ ನಾನೇ. ಧೂಳು ಒಳಗೆ ಹೋದೀತೆಂದು ಪಿನ್ನಿನ ಬುಡ ಹಿಡಿಸದಷ್ಟು ಸಣ್ಣಗೆ ಕೊರೆದಿದ್ದೆ. ಪಿನ್ನು ಪೂರ್ತಿ ಕೂರದಿದ್ದರೆ ಅಕ್ಕಪಕ್ಕದವರ ದನಿ ಉಳಿದು ನಡುವೆ ಕೂತವರದ್ದು ಅಳಿಸಿಹೋಗುತ್ತದಂತೆ. ಅದು ಆಮೇಲೆ ತಿಳಿದದ್ದು. ಅಕ್ಕ ಯಾವಾಗಲೂ ಕೂರುತ್ತಿದ್ದದ್ದು ನಡುವೆಯೇ.

ಕವರು ಬಿಚ್ಚಿ ಪಿನ್ನು ಒತ್ತಿದೆ. ಟಕ್ ಎಂದಿತು.

ಅಕ್ಕ ಬಂದಳು. ತುಂಬು ಗಂಟಲಿನ, ಯಾರಿಗೂ ಹೆದರದ ಅಕ್ಕ.

ಕುರ್ಚಿಯಲ್ಲಿದ್ದವಳು ಲೋಟ ಕೆಳಗಿಟ್ಟಳು. ಎರಡನೆಯ ಸೊಲ್ಲನ್ನು ಹೆಂಗಸರು ತಿರುಗಿ ಹೇಳುವಾಗ ಅವಳ ತುಟಿಯೂ ಅಲುಗಿತು. ಎಲ್ಲರಿಗೂ ಹೇಳಿಕೊಟ್ಟವಳು ಈಗ ಎಲ್ಲರ ಜೊತೆ ಕೂತು, ದನಿಯಿಲ್ಲದ ದನಿಯಲ್ಲಿ ತನ್ನ ಸೊಲ್ಲನ್ನೇ ತಿರುಗಿ ಹೇಳುತ್ತಿದ್ದಳು.

‘ಜೋರಾಗಿ ಮಡುಗ್ಲಾ,’ ಎಂದಳು.

ಸ್ಪೀಕರು ಹರಿದೀತೆಂದು ಗುಂಡಿಯನ್ನು ಎಳ್ಳಿನಷ್ಟು ತಿರುಗಿಸಿದೆ.

‘ಇನ್ನೂವೆ.’

ಹರಿದರೆ ಹರಿಯಲಿ ಎಂದು ತಿರುಗಿಸಿದೆ.